ಜೋಡಿಯಲ್ಲಿ ಗಟ್ಟಿಯಾದವಳು

"ಎದೆಯಲ್ಲಿ ನೋವು, ಬಿಗಿತ, ಭಾರ ಇಟ್ಟ ಹಾಗೆ, ಏನಾದ್ರೂ ಆಗುತ್ತಾ ಅಕ್ಕ?" ಎಂದು ನರ್ಸ್ ಕೇಳಿದಳು.

"ನನಗಾ? ನನ್ನೆದೆ ಮೇಲೆ ನೀವೇ ಬಂದು ಕೂತ್ರೂ ಏನೂ ಆಗಲ್ಲ ಸಿಸ್ಟರ್," ಎಂದಳು ಗುಂಡುಕಲ್ಲು.

ನರ್ಸ್ ನಕ್ಕು ಮುಂದಿನ ಪ್ರಶ್ನೆಗೆ ಹೋದಳು. ಅದೇ ಬೆಳಗ್ಗೆ ಆಸ್ಪತ್ರೆಯ ಮೆಟ್ಟಿಲುಗಳ ತಿರುವಿನಲ್ಲಿ, ಕೈಚೀಲದಲ್ಲಿ ಏನನ್ನೋ ಹುಡುಕುವ ನೆಪ ಮಾಡಿಕೊಂಡು, ಎದೆಯ ನಡುವೆ ಹಿಂಡುತ್ತಿದ್ದ ನೋವು ಇಳಿಯುವ ತನಕ ಈ ಹೆಂಗಸು ಗೋಡೆಗೆ ಭುಜ ಆನಿಸಿ ನಿಂತಿದ್ದಳು. ಆದ್ದರಿಂದ ಆಕೆ ನರ್ಸಿಗೆ ಕೊಟ್ಟ ಉತ್ತರಕ್ಕೆ ಸಂಕೋಚ, ಮರೆವು, ತಮಾಷೆ ಎಂದೆಲ್ಲ ಮೃದುವಾದ ಹೆಸರು ಕೊಡುವುದು ಸಲ್ಲದು. ಅದು ಸುಳ್ಳು.

ಗುಂಡುಕಲ್ಲು ಎಂಬುದು ಮುದ್ರಣಾಲಯದ ಬೈಂಡಿಂಗ್ ವಿಭಾಗದವರು ಆಕೆಗೆ ಇಟ್ಟ ಅಡ್ಡಹೆಸರು. ಅಚ್ಚಾಗಿ ಬಂದ ದೊಡ್ಡ ಹಾಳೆಗಳನ್ನು ಮಡಿಸಿ, ಪುಟಗಳ ಕ್ರಮದಲ್ಲಿ ಜೋಡಿಸಿ, ಹೊಲಿದು, ಬೆನ್ನಿಗೆ ಅಂಟು ಹಚ್ಚಿ, ಕಟ್ಟು ಕಟ್ಟಿ ಕತ್ತರಿಸುವ ಯಂತ್ರಕ್ಕೆ ಒಯ್ಯುವುದು ಅಲ್ಲಿನ ಕೆಲಸ. ಇತರರು ಒಂದು ಕಟ್ಟನ್ನು ಇಬ್ಬರು ಹಿಡಿದು ಸಾಗಿಸಿದರೆ, ಈಕೆ ಒಬ್ಬಳೇ ಸೊಂಟದ ಮೇಲಿಟ್ಟುಕೊಂಡು, ದಾರಿಯಲ್ಲಿ ಸಿಕ್ಕವರನ್ನು ಛೇಡಿಸುತ್ತ ಹೋಗುತ್ತಿದ್ದಳು. ನೆಗಡಿಗೂ ರಜೆ ಹಾಕಿದವಳಲ್ಲ. ಅಡ್ಡಹೆಸರು ಹೊಗಳಿಕೆಯೆಂದೇ ಆಕೆ ತಿಳಿದಿದ್ದಳು. ಮಗನ ಮದುವೆಯಲ್ಲಿ ಬೀಗರಿಗೆ ಕೂಡ ತಾನೇ ಅದನ್ನು ಹೇಳಿಕೊಂಡು ನಕ್ಕಿದ್ದಳು.

ಅದೇ ಮೇಜಿನ ಎದುರು ಬದಿಯಲ್ಲಿ ಕೂತು ಹಾಳೆ ಮಡಿಸುತ್ತಿದ್ದವಳು ಕೊಡೆಯಕ್ಕ. ಇಬ್ಬರೂ ಓರಗೆಯವರು, ಒಂದೇ ವಾರ ಕೆಲಸಕ್ಕೆ ಸೇರಿದವರು, ಒಂದೇ ಬಸ್ಸಿನಲ್ಲಿ ಓಡಾಡಿದವರು. ಮೂವತ್ತು ದಾಟಿದ ಮೇಲೆ ಕೊಡೆಯಕ್ಕನ ಬೆರಳಿನ ಗಿಣ್ಣುಗಳು ಬೆಳಗ್ಗೆ ಎದ್ದರೆ ಊದಿಕೊಂಡಿರುತ್ತಿದ್ದವು. ಬಿಸಿಲಿಗೆ ಹೋದರೆ ಮೂಗು ಕೆನ್ನೆಗಳ ಮೇಲೆ ಕೆಂಪು ದದ್ದು ಏಳುತ್ತಿತ್ತು. ಕೂದಲು ಬಾಚಣಿಗೆಗೆ ಬರತೊಡಗಿತು. ಹಲವು ವೈದ್ಯರ ಬಾಗಿಲು ತಟ್ಟಿದ ಮೇಲೆ ಒಬ್ಬರು ಅದನ್ನು ಲೂಪಸ್ ಎಂದು ಗುರುತಿಸಿದರು. ಅಂದಿನಿಂದ ಆಕೆ ಎಳೆಬಿಸಿಲಿಗೂ ಕೊಡೆ ಬಿಚ್ಚುವವಳಾದಳು. ಹೆಸರು ಹಾಗೆ ಬಂತು.

ಲೂಪಸ್ ಅಂಟುರೋಗವಲ್ಲ. ದೇಹವನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ದಿಕ್ಕುತಪ್ಪಿ ಸ್ವಂತ ಕೀಲು, ಚರ್ಮ, ಮೂತ್ರಪಿಂಡಗಳ ಮೇಲೆ ತಿರುಗಿ ಬೀಳುವ ಕಾಯಿಲೆ ಅದು. ಅಚ್ಚಾದ ಪುಸ್ತಕಗಳ ನಡುವೆಯೇ ದಿನವಿಡೀ ಕೂರುವ ಆ ವಿಭಾಗದ ಜನ ಇಷ್ಟನ್ನು ತಿಳಿದುಕೊಳ್ಳುವ ಗೋಜಿಗೆ ಹೋಗಲಿಲ್ಲ. ಆಕೆಯ ಲೋಟ ಬೇರೆ ಮಾಡಿದರು, ಪಕ್ಕದ ಕುರ್ಚಿ ಸರಿಸಿಕೊಂಡರು. ಗುಂಡುಕಲ್ಲು ಒಬ್ಬಳೇ ಎಲ್ಲರೆದುರು ಅದೇ ಲೋಟವನ್ನು ಎತ್ತಿ ಗಟಗಟನೆ ನೀರು ಕುಡಿದು, "ಇನ್ನು ನನ್ನ ಲೋಟಾನೂ ಬೇರೆ ಮಾಡ್ರೇ, ತೊಳೆಯೋ ಕೆಲಸ ನಿಮಗೆ ಜಾಸ್ತಿ," ಎಂದಿದ್ದಳು. ಇದು ನಡೆದದ್ದು ನಿಜ. ಆಕೆಯ ತಪ್ಪನ್ನು ಬರೆಯುವವರು ಇದನ್ನೂ ಬರೆಯಬೇಕು.

ಕೆಲವು ವರ್ಷಗಳ ಬಳಿಕ ಕೊಡೆಯಕ್ಕ ಕೆಲಸ ಬಿಟ್ಟು ಮನೆಯಲ್ಲಿದ್ದಾಗ ಆಸ್ಪತ್ರೆಯಿಂದ ಒಂದು ಅಧ್ಯಯನಕ್ಕೆ ಕರೆ ಬಂತು. ಲೂಪಸ್ ಇರುವ ಹೆಂಗಸರಿಗೆ ಹೃದಯದ ತೊಂದರೆ ಇತರರಿಗಿಂತ ಬೇಗ ಬರುತ್ತದೆಂಬುದು ವೈದ್ಯರಿಗೆ ಗೊತ್ತು. ಎಷ್ಟು ಬೇಗ, ಯಾರಿಗೆ, ಕಾಯಿಲೆಯಿಂದಲೋ ಅದಕ್ಕೆ ತೆಗೆದುಕೊಳ್ಳುವ ಮಾತ್ರೆಗಳಿಂದಲೋ ಅಥವಾ ಎಲ್ಲರಂತೆ ವಯಸ್ಸಿನಿಂದಲೋ ಎಂಬುದನ್ನು ತಿಳಿಯಬೇಕಾದರೆ ಅದೇ ಜನರನ್ನು ವರ್ಷವರ್ಷವೂ ಬಿಡದೆ ಪರೀಕ್ಷಿಸುತ್ತ ಹೋಗಬೇಕು. ಹೋಲಿಸಿ ನೋಡಲು ಲೂಪಸ್ ಇಲ್ಲದವರೂ ಬೇಕು. ಆದ್ದರಿಂದ ಪ್ರತಿಯೊಬ್ಬ ರೋಗಿಯೂ ತನ್ನದೇ ವಯಸ್ಸಿನ, ತನ್ನಂತೆಯೇ ಬದುಕಿದ ಒಬ್ಬ ಆರೋಗ್ಯವಂತೆಯನ್ನು ಕರೆತರಬೇಕೆಂದು ಏರ್ಪಾಡಾಯಿತು. ಇದಕ್ಕೆ ಅಲ್ಲಿ 'ಜೋಡಿ' ಎನ್ನುತ್ತಿದ್ದರು. ಕೊಡೆಯಕ್ಕ ಬೇರೆ ಯಾರನ್ನೂ ಯೋಚಿಸಲಿಲ್ಲ.

ಸೇರಿಸಿಕೊಳ್ಳುವ ದಿನ ಅಂದಿನ ವೈದ್ಯರು ಗುಂಡುಕಲ್ಲನ್ನು ಕೇಳಿದ್ದರು: "ನಿಮಗೆ ಹೃದಯದ ಕಾಯಿಲೆ ಇಲ್ಲ ತಾನೆ? ಇದ್ರೆ ಈ ಜೋಡೀನ ತಗೊಳ್ಳೋಕಾಗಲ್ಲ."

"ಕಾಯಿಲೆನಾ? ಅದು ಹೇಗಿರುತ್ತೆ ಅಂತ ಇವಳನ್ನ ನೋಡೇ ನಾನು ತಿಳ್ಕೊಂಡಿದ್ದು ಡಾಕ್ಟ್ರೇ."

ಆ ಷರತ್ತು ಎಂದೆಂದಿಗೂ ಅನ್ವಯಿಸುತ್ತದೆಂದು ಆಕೆ ತಿಳಿದಳು. ಅಲ್ಲವೆಂದು ಹೇಳಬೇಕಾದವರು ಹೇಳಲಿಲ್ಲ. ವರ್ಷಕ್ಕೊಮ್ಮೆ ಆಕೆಯ ರಕ್ತ ತೆಗೆದರು, ರಕ್ತದೊತ್ತಡ ನೋಡಿದರು, ಕುತ್ತಿಗೆಯ ರಕ್ತನಾಳಗಳ ಒಳಗೋಡೆಯ ದಪ್ಪವನ್ನು ಸ್ಕ್ಯಾನ್ ಮಾಡಿ ಕೂದಲೆಳೆಯ ಲೆಕ್ಕದಲ್ಲಿ ಅಳೆದರು. ಇಷ್ಟೆಲ್ಲ ಅಳೆದವರಲ್ಲಿ ಒಬ್ಬರಾದರೂ, 'ಅಮ್ಮಾ, ನೀವು ಇಲ್ಲಿ ಯಾಕಿದ್ದೀರಿ ಗೊತ್ತೇ?' ಎಂದು ಕೇಳುವ ಸೌಜನ್ಯ ತೋರಿಸಲಿಲ್ಲ. ಅಕ್ಷರ ಬಲ್ಲವಳು, ಮಾತು ಬಲ್ಲವಳು. ಕೂರಿಸಿ ಹೇಳಿದ್ದರೆ ಅರ್ಥವಾಗದೆ ಇರುತ್ತಿರಲಿಲ್ಲ.

ಕಾರಿಡಾರಿನ ಬೆಂಚುಗಳ ಮೇಲೆ ಜೋಡಿಗಳು ಸಾಲಾಗಿ ಕೂರುತ್ತಿದ್ದವು. ಇಬ್ಬರಲ್ಲಿ ರೋಗಿ ಯಾರೆಂಬುದು ಸಾಮಾನ್ಯವಾಗಿ ಮುಖ ನೋಡಿದರೆ ತಿಳಿಯುತ್ತಿತ್ತು. ಹಾಗೆ ತಿಳಿಯುವುದು ಗುಂಡುಕಲ್ಲಿಗೆ ಇಷ್ಟವಾಗಿತ್ತು. ಕಾಲು ಚಾಚಿ, ಕೈ ಕಟ್ಟಿ, ಜೋರು ದನಿಯಲ್ಲಿ ಮಾತಾಡುತ್ತ ಕೂರುತ್ತಿದ್ದಳು. ಮರಳುವಾಗ ಬಸ್ಸಿನಲ್ಲಿ ಮೊದಲು ಗೆಳತಿಯ ಫಲಿತಾಂಶ ಕೇಳಿ, ಲೊಚಗುಟ್ಟಿ, ಆಮೇಲೆ ತನ್ನದನ್ನು ಹೇಳುತ್ತಿದ್ದಳು. ಜೊತೆಗೆ ಬುದ್ಧಿಮಾತು: "ಬೆಳಗ್ಗೆ ಎದ್ದು ಸ್ವಲ್ಪ ಮೈ ಬಗ್ಗಿಸೇ. ಮಾತ್ರೆ ನುಂಗಿ ನುಂಗೀನೇ ನೀನು ಹೀಗಾಗಿದ್ದು. ಮನಸ್ಸು ಗಟ್ಟಿ ಇದ್ರೆ ಕಾಯಿಲೆ ಹತ್ರಾನೂ ಸುಳಿಯಲ್ಲ."

ಒಮ್ಮೆ ಕೊಡೆಯಕ್ಕ ಉಸಿರೆಳೆದರೆ ಎದೆ ಚುಚ್ಚುತ್ತದೆಂದು ಹಾಸಿಗೆ ಹಿಡಿದಾಗ, ನೋಡಲು ಬಂದ ಈಕೆ ಮನೆಯವರೆಲ್ಲರ ಮುಂದೆ, "ಎದೆ ನೋವಂತೆ! ಕೆಲಸ ಇಲ್ಲದ ಎದೆಗೆ ನೋವು ಬರದೆ ಇನ್ನೇನು ಬರುತ್ತೆ?" ಎಂದುಬಿಟ್ಟಳು. ಹೃದಯದ ಸುತ್ತಲಿನ ಪೊರೆಗೆ ಉರಿಯೂತವಾಗಿತ್ತು. ಮರುದಿನವೇ ಆಸ್ಪತ್ರೆಗೆ ಸೇರಿಸಬೇಕಾಯಿತು. ಈಕೆ ಹಣ್ಣು ಹಿಡಿದು ಹೋದಳು, ಹಾಸಿಗೆಯ ಬದಿಯಲ್ಲಿ ಕೂತು ತಲೆ ಬಾಚಿದಳು. ಆ ಮಾತನ್ನು ಮಾತ್ರ ವಾಪಸು ತೆಗೆದುಕೊಳ್ಳಲಿಲ್ಲ.

ಗುಂಡುಕಲ್ಲಿಗೆ ಎದೆನೋವು ಶುರುವಾದದ್ದು ಅಧ್ಯಯನದ ಹನ್ನೊಂದನೆಯ ವರ್ಷದ ತಪಾಸಣೆಗೆ ಮುಂಚೆ. ಮುದ್ರಣಾಲಯದ ಮೇಲಂತಸ್ತಿಗೆ ಕಟ್ಟು ಹೊತ್ತು ಹೋಗುವಾಗ ಅರ್ಧ ಮೆಟ್ಟಿಲಿಗೆ ಎದೆಯನ್ನು ಒಳಗಿನಿಂದ ಮುಷ್ಟಿ ಹಿಡಿದಂತಾಗಿ, ಎಡದವಡೆಯ ತನಕ ಸೆಳೆಯಿತು. ನಿಂತರೆ ಹೋಯಿತು. ಮೊದಮೊದಲು ಗ್ಯಾಸ್ ಎಂದುಕೊಂಡಳು. ಮೆಟ್ಟಿಲು ನೋಡಿಕೊಂಡು ಗ್ಯಾಸ್ ಬರುವುದಿಲ್ಲವೆಂಬುದು ಆಕೆಗೂ ಗೊತ್ತಿತ್ತು. ಆ ವರ್ಷ ನರ್ಸ್ ಕೇಳಿದಾಗ "ಇಲ್ಲ" ಎಂಬ ಮಾತು ತಾನಾಗಿಯೇ ಬಾಯಿಗೆ ಬಂತು. ನಂತರ ಅದನ್ನು ಉಳಿಸಿಕೊಳ್ಳಲು ನೂರೆಂಟು ಕುಂಟುನೆಪ ಹೂಡಬೇಕಾಯಿತು. ಮೆಟ್ಟಿಲ ನಡುವೆ ಕಟ್ಟು ಇಳಿಸಿ ದಾರ ಬಿಗಿ ಮಾಡುವಂತೆ ನಟಿಸುತ್ತಿದ್ದಳು.

"ಏನಕ್ಕ, ಗುಂಡುಕಲ್ಲು ಈಚೆಗೆ ಉರುಳ್ತಾನೇ ಇಲ್ಲ?" ಎಂದು ಕಟಿಂಗ್ ಯಂತ್ರದ ಮೇಸ್ತ್ರಿ ಕೆಣಕಿದ.

"ನಿನ್ನ ಬ್ಲೇಡು ಮೊಂಡಾಗಿದೆಯಲ್ಲ, ಅದು ಸಾಣೆಯಿಂದ ಬರಲಿ ಅಂತ ನಿಧಾನಕ್ಕೆ ಬರ್ತಿದ್ದೀನಿ," ಎಂದು ಆಕೆ ತಿರುಗಿಸಿ ಕೊಟ್ಟಳು. ಎಲ್ಲರೂ ನಕ್ಕರು. ನಗುವಾಗ ಆಕೆಗೆ ಬೆನ್ನ ಮೇಲೆ ತಣ್ಣನೆ ಬೆವರು.

ಈಗ ಹನ್ನೆರಡನೆಯ ವರ್ಷ. ನರ್ಸಿನ ಪ್ರಶ್ನೆಗಳು ಮುಗಿದ ಮೇಲೆ ಸ್ಕ್ಯಾನ್ ಕೋಣೆ. ಕುತ್ತಿಗೆಗೆ ತಣ್ಣನೆ ಜೆಲ್ ಹಚ್ಚಿ ಯಂತ್ರದ ತುದಿಯನ್ನು ಆಡಿಸುವ ತಂತ್ರಜ್ಞ ಪ್ರತಿವರ್ಷವೂ ಅರೆನಿಮಿಷದಲ್ಲಿ, "ಕನ್ನಡಿ ಹಾಗಿದೆ ಅಕ್ಕ," ಎನ್ನುತ್ತಿದ್ದ. ಈ ಸಲ ಮಾತಾಡಲಿಲ್ಲ. ಎಡಗಡೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದ.

"ಏನಪ್ಪಾ, ಅಲ್ಲೇನು ನಿಧಿ ಸಿಕ್ಕಿತಾ?"

"ಸ್ವಲ್ಪ ಉಸಿರು ಹಿಡೀರಿ," ಎಂದಷ್ಟೇ ಹೇಳಿದ.

ಬಳಿಕ ವೈದ್ಯೆ ಒಳಗೆ ಕರೆದು ಬಾಗಿಲು ಮುಚ್ಚಿದರು. "ಕುತ್ತಿಗೆ ರಕ್ತನಾಳದ ಒಳಗೆ ಕೊಬ್ಬು ಕಟ್ಟಿಕೊಂಡಿದೆ. ಇಸಿಜಿಯಲ್ಲೂ ಹಿಂದಿನದಕ್ಕಿಂತ ಬದಲಾವಣೆ ಇದೆ. ನಿಜ ಹೇಳಿ, ನಡೆದಾಗ, ಹತ್ತಿದಾಗ ನೋವು ಬರುತ್ತಾ? ಬರೋದಾದ್ರೆ ನಿಮ್ಮನ್ನ ಇವತ್ತೇ ದಾಖಲು ಮಾಡಬೇಕು."

ತಪ್ಪನ್ನು ತಿದ್ದಿಕೊಳ್ಳಲು ಇದಕ್ಕಿಂತ ನೇರವಾದ ಅವಕಾಶ ಯಾರಿಗೆ ಸಿಗುತ್ತದೆ? ಹೊರಗೆ ಬೆಂಚಿನ ಮೇಲೆ ಕೊಡೆಯಕ್ಕ ಕಾಯುತ್ತಿದ್ದಳು. ಬಾಗಿಲ ಗಾಜಿನಲ್ಲಿ ಅವಳ ತಲೆಯ ನೆರಳು ಕಾಣುತ್ತಿತ್ತು.

"ಇಲ್ಲ ಡಾಕ್ಟ್ರೇ."

"ಹಾಗಾದ್ರೆ ನಾಳೆ ಬೆಳಗ್ಗೆ ಹೃದ್ರೋಗ ವಿಭಾಗಕ್ಕೆ ಬನ್ನಿ. ತಪ್ಪಿಸಬೇಡಿ."

"ಅವಳಿಗೆ ಹೇಳಬೇಡಿ."

"ನಿಮ್ಮ ವಿಷಯ ನಾವು ಇನ್ನೊಬ್ಬರಿಗೆ ಹೇಳೋ ಹಾಗೇ ಇಲ್ಲ," ಎಂದರು ವೈದ್ಯೆ, ಆಕೆಯ ಮುಖವನ್ನೇ ನೋಡುತ್ತ.

ಬಸ್ಸಿನಲ್ಲಿ ಕಿಟಕಿಯ ಪರದೆ ಎಳೆದುಕೊಂಡು ಕೂತ ಕೊಡೆಯಕ್ಕ, ಒಳಗಿನ ಸಂತೋಷವನ್ನು ಹೊರಗೆ ಹಾಕಲು ಅಂಜುವವಳಂತೆ ಮೆಲ್ಲನೆ, "ನಂದು ಈ ಸಲ ಸ್ವಚ್ಛವಾಗಿದೆಯಂತೆ ಕಣೇ. ಎರಡೂ ಕಡೆ. ನೀವು ಚೆನ್ನಾಗಿ ನೋಡ್ಕೊಂಡಿದ್ದೀರಿ ಅಂದ್ರು," ಎಂದಳು.

ಆ ಕ್ಷಣ ಗುಂಡುಕಲ್ಲಿನ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಯಿತು. ತನ್ನದನ್ನು ಕಸಿದು ಇವಳಿಗೆ ಕೊಟ್ಟರೆಂಬ ಕೋಪ ಅದು. ಜೀವಮಾನವೆಲ್ಲ ನರಳಿದವಳಿಗೆ ಸಿಕ್ಕ ಒಂದು ಒಳ್ಳೆಯ ಸುದ್ದಿಯನ್ನು ತನ್ನಿಂದ ಸಹಿಸಲಾಗುತ್ತಿಲ್ಲವೆಂದು ತಿಳಿದಾಗ, ಆಕೆಗೆ ಆ ಸೀಟಿನಲ್ಲಿ ಕೂರುವುದೇ ಕಷ್ಟವಾಯಿತು.

"ನಿಂದು?"

"ನಂದೇನು ಕೇಳ್ತೀಯ. ಯಾವತ್ತಿನ ಹಾಗೇ," ಎಂದು ಆಚೆ ಬದಿಗೆ ತಿರುಗಿದಳು.

ಮರುದಿನ ಆಕೆ ಆಸ್ಪತ್ರೆಗೆ ಹೋಗಲಿಲ್ಲ, ಮುದ್ರಣಾಲಯಕ್ಕೆ ಹೋದಳು. ಚೀಲದಲ್ಲಿ ಫೋನು ಹೊಡೆದುಕೊಂಡಿತು. ಮೇಲೆ ಕಾಗದದ ಚೂರು ತುಂಬಿ ಸದ್ದು ಅಡಗಿಸಿದಳು. ಆಕೆಯೊಳಗೆ ಒಂದು ವಾದ ಸಿದ್ಧವಾಗಿತ್ತು: ತನಗೆ ಹೃದಯದ ಕಾಯಿಲೆಯೆಂದು ತಿಳಿದರೆ ಜೋಡಿ ಮುರಿಯುತ್ತದೆ, ಜೋಡಿ ಮುರಿದರೆ ಕೊಡೆಯಕ್ಕನನ್ನು ಅಧ್ಯಯನದಿಂದ ಕೈಬಿಡುತ್ತಾರೆ, ಕೈಬಿಟ್ಟರೆ ಅವಳಿಗೆ ತಜ್ಞರ ಭೇಟಿ, ಪರೀಕ್ಷೆಗಳು ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದ ತಾನು ಬಾಯಿಗೆ ಬೀಗ ಹಾಕಿಕೊಂಡಿರುವುದು ಗೆಳತಿಗಾಗಿ. ಕೇಳಲು ಸೊಗಸಾದ ವಾದ. ಬಸ್ಸಿನಲ್ಲಿ ಹೊತ್ತಿಕೊಂಡ ಹೊಟ್ಟೆಯುರಿಗೆ ಮಾತ್ರ ಅದರಲ್ಲಿ ಜಾಗವಿರಲಿಲ್ಲ.

ಸಂಜೆ ಮನೆಯಲ್ಲಿ, ಮೇಜಿನ ಫ್ಯಾನೊಂದನ್ನು ಬಿಚ್ಚಿ ಹರವಿಕೊಂಡು ಕೂತಿದ್ದ ಗಂಡ ತಲೆಯೆತ್ತಿ ನೋಡಿದ. ಆತನಿಗೆ ರಿಪೇರಿಯೇ ಕಸುಬು. "ಏನೇ ಇದು, ಮುಖ ಸುಟ್ಟ ಮೋಟಾರಿನ ಕಾಯಿಲ್ ಥರ ಆಗಿದೆ?"

"ನೀವು ಫ್ಯಾನು ನೋಡ್ರಿ. ನನ್ನನ್ನ ಬಿಚ್ಚಿ ನೋಡೋಕೆ ಬರಬೇಡಿ."

ಅಷ್ಟರಲ್ಲಿ ಹೊರಗೆ ಮೆಟ್ಟಿಲ ಮೇಲೆ ನಿಂತು ನಿಂತು ಹತ್ತುವ ಕಾಲಿನ ಸದ್ದು ಕೇಳಿತು. ಕೊಡೆಯಕ್ಕ ಬಂದಿದ್ದಳು. ಮಂಡಿನೋವಿನಿಂದ ವರ್ಷಗಳಿಂದ ಈ ಮೆಟ್ಟಿಲು ಹತ್ತಿದವಳಲ್ಲ. ಗಂಡ ಎದ್ದು ಕುರ್ಚಿ ಕೊಟ್ಟ.

"ಸಿಸ್ಟರ್ ನನಗೆ ಫೋನ್ ಮಾಡಿದ್ರು," ಎಂದಳು, ಉಸಿರು ತಹಬಂದಿಗೆ ಬಂದ ಮೇಲೆ. "ನಿಮ್ಮ ಜೋಡಿ ಫೋನ್ ತೆಗೀತಿಲ್ಲ, ನನ್ ಜೊತೆ ಮಾತಾಡೋಕೆ ಹೇಳಿ ಅಂದ್ರು. ಯಾಕೆ ಅಂತ ಕೇಳಿದ್ರೆ ಬಾಯಿ ಬಿಡಲಿಲ್ಲ. ಚೆನ್ನಾಗಿರೋರಿಗೆ ಆಸ್ಪತ್ರೆಯೋರು ಹೀಗೆ ಬೆನ್ನು ಹತ್ತಲ್ಲ ಕಣೇ. ಏನಾಗಿದೆ?"

"ಏನೂ ಇಲ್ಲ."

"ಹೋದ ತಿಂಗಳು ನನ್ನ ಮನೆ ಮುಂದಿನ ಏರಿನಲ್ಲಿ ನೀನು ಎರಡು ಕಡೆ ನಿಂತೆ. ಚಪ್ಪಲಿ ಸರಿ ಮಾಡ್ಕೊಂಡೆ. ನಾನೂ ಹಾಗೆ ಎಷ್ಟು ಸಲ ಚಪ್ಪಲಿ ಸರಿ ಮಾಡ್ಕೊಂಡಿದ್ದೀನಿ, ನನಗೆ ಗೊತ್ತಾಗಲ್ವಾ?"

ಗಂಡ ಫ್ಯಾನನ್ನು ಪಕ್ಕಕ್ಕೆ ಸರಿಸಿದ. ಗುಂಡುಕಲ್ಲು ಹೇಳಿದಳು. ಎಲ್ಲವನ್ನೂ ಅಲ್ಲ, ನೋವನ್ನು, ಸ್ಕ್ಯಾನಿನಲ್ಲಿ ಕಂಡದ್ದನ್ನು ಹೇಳಿ, ಸಿದ್ಧವಾಗಿದ್ದ ವಾದವನ್ನು ಮುಂದಿಟ್ಟಳು. "ಜೋಡಿ ಮುರಿದ್ರೆ ನಿನ್ನನ್ನ ಆಚೆ ಹಾಕ್ತಾರೆ. ನಿನಗೋಸ್ಕರ ಸುಮ್ಮನಿದ್ದೆ."

ಕೊಡೆಯಕ್ಕನ ಮುಖದಲ್ಲಿ ಒಂದು ಕ್ಷಣ ನಿಜವಾದ ಭಯ ಸುಳಿಯಿತು. ಆಮೇಲೆ ಆಕೆ ಗೆಳತಿಯನ್ನು ದಿಟ್ಟಿಸಿ, "ನನಗೋಸ್ಕರಾನಾ?" ಎಂದಳು. "ನನ್ನೆದೆ ನೊಂದಾಗ ಅದು ಕೆಲಸ ಇಲ್ಲದ ಎದೆ. ನಿನ್ನೆದೆ ನೊಂದ್ರೆ ಅದು ತ್ಯಾಗಾನಾ?"

ಗುಂಡುಕಲ್ಲು ಇಷ್ಟು ವರ್ಷ ಅವಳು ಅದನ್ನು ಮರೆತಿದ್ದಾಳೆಂದೇ ನಂಬಿಕೊಂಡಿದ್ದಳು.

"ಯಾವಾಗಿಂದ ಇದೆಲ್ಲಾ?" ಎಂದ ಗಂಡ. "ಒಂದೇ ಮನೇಲಿ ಇದ್ದೀವಿ. ಬೀದಿಯೋರ ಮಿಕ್ಸಿ ಯಾಕೆ ಸದ್ದು ಮಾಡುತ್ತೆ ಅಂತ ಕಿವಿಯಲ್ಲೇ ಹೇಳ್ತೀನಿ. ಹೆಂಡತಿ ನೋವು ತಿಂತಿರೋದು ಗೊತ್ತಾಗಲಿಲ್ಲ ಅಂದ್ರೆ ನಾನೆಂಥ ಗಂಡಸು!"

ಆತ ಟ್ಯಾಕ್ಸಿ ಕರೆಯಲು ಎದ್ದ. ಕೊಡೆಯಕ್ಕ ನರ್ಸಿಗೆ ಫೋನ್ ಹಚ್ಚಿ ಅದನ್ನು ಗೆಳತಿಯ ಕೈಗಿತ್ತಳು.

"ಸಿಸ್ಟರ್, ನಾನು," ಎಂದಳು ಗುಂಡುಕಲ್ಲು. "ನೋವಿದೆ. ಇವತ್ತು ಕೂತಾಗಲೂ ಒಂದು ಸಲ ಬಂತು."

"ಒಂದು ನಿಮಿಷಾನೂ ತಡ ಮಾಡಬೇಡಿ. ತುರ್ತು ವಿಭಾಗಕ್ಕೆ ನೇರ ಬನ್ನಿ. ನಾನು ಅಲ್ಲೇ ಇರ್ತೀನಿ."

ತುರ್ತು ವಿಭಾಗದಲ್ಲಿ ಎದೆಗೆ ತಂತಿಗಳನ್ನು ಅಂಟಿಸಿ, ಮಾತ್ರೆ ಅಗಿಯಲು ಕೊಟ್ಟು, ರಕ್ತ ತೆಗೆದುಕೊಂಡರು. ಹೃದಯದ ರಕ್ತನಾಳವನ್ನು ನೋಡಬೇಕು, ಮುಚ್ಚಿಕೊಂಡಿದ್ದರೆ ತೆರೆಯಬೇಕು, ಸ್ವಲ್ಪ ಹೊತ್ತಿನಲ್ಲೇ ಒಳಗೆ ಕರೆದೊಯ್ಯುತ್ತೇವೆ ಎಂದರು. ಗಂಡ ಸಹಿ ಹಾಕಲು, ಮಗನಿಗೆ ಫೋನ್ ಮಾಡಲು ಹೋದ. ಹಾಸಿಗೆಯ ಒಂದು ಬದಿಗೆ ನರ್ಸ್, ಇನ್ನೊಂದು ಬದಿಗೆ ಕೊಡೆಯಕ್ಕ.

"ಜೋಡಿ ಮುರೀತಲ್ವಾ ಸಿಸ್ಟರ್? ಇವಳನ್ನ ಬಿಡ್ತೀರಾ?"

ನರ್ಸ್ ಬೆರಗಾದಳು. "ಯಾಕೆ ಬಿಡ್ತೀವಿ? ಕಾಯಿಲೆ ಇರಬಾರದು ಅನ್ನೋದು ಸೇರೋ ದಿನಕ್ಕೆ ಮಾತ್ರ ಅಕ್ಕ. ಆಮೇಲೆ ಯಾರಿಗೆ ಏನಾಗುತ್ತೆ ಅಂತ ನೋಡೋದಕ್ಕೇ ತಾನೆ ಇಷ್ಟು ವರ್ಷ ನಿಮ್ಮನ್ನ ಕರೆದಿದ್ದು? ಇದನ್ನ ನಿಮಗೆ ಯಾರೂ ಹೇಳಿರಲಿಲ್ವಾ?" ಕೇಳಿದವಳೇ ತಡೆದಳು. ಹೇಳಬೇಕಾದವರಲ್ಲಿ ತಾನೂ ಒಬ್ಬಳೆಂದು ಆಗ ಹೊಳೆದಿರಬೇಕು. ಅವಳ ಮುಖ ಕೆಂಪಾಯಿತು.

"ಹೋದ ವರ್ಷ ನೀವು ಕೇಳಿದಾಗಲೂ ನೋವಿತ್ತು. ಇಲ್ಲ ಅಂದೆ. ಅದರಿಂದ ನಿಮಗೇನಾದ್ರೂ ತೊಂದ್ರೆ ಆಯ್ತಾ?"

ನರ್ಸ್ ಈ ಸಲ ಬಿಡಿಸಿ ಹೇಳಿದಳು. "ನಾವು ಹೋಲಿಸಿ ನೋಡೋದು ಅಕ್ಕ. ಲೂಪಸ್ ಇಲ್ಲದ ನಿಮ್ಮಂಥೋರಲ್ಲಿ ಎಷ್ಟು ಜನಕ್ಕೆ ಹೃದಯದ ತೊಂದ್ರೆ ಬಂತು, ಇರೋರಲ್ಲಿ ಎಷ್ಟು ಜನಕ್ಕೆ ಬಂತು ಅಂತ. ನೀವು ನಿಮ್ಮದನ್ನ ಮುಚ್ಚಿಟ್ರೆ, ಇವರ ಕಾಯಿಲೆ ಇರೋದಕ್ಕಿಂತ ಕೆಟ್ಟದ್ದಾಗಿ ಕಾಣುತ್ತೆ. ನಾಳೆ ಯಾರೋ ಹೊಸಬಳಿಗೆ ಲೂಪಸ್ ಅಂತ ಗೊತ್ತಾದಾಗ, ಅವಳಿಗೆ ನಾವು ಹೇಳೋ ಭಯಾನೂ ಅಷ್ಟು ದೊಡ್ಡದಾಗುತ್ತೆ."

ಗುಂಡುಕಲ್ಲು ಕಣ್ಣು ಮುಚ್ಚಿದಳು. ಬೈಂಡಿಂಗ್ ವಿಭಾಗದವರು ಲೋಟ ಬೇರೆ ಮಾಡಿದ್ದರು, ಅಷ್ಟೆ. ತಾನು ಮಾಡಿದ್ದು ಅದಕ್ಕಿಂತ ಹೆಚ್ಚಿನದು: ತನ್ನ ಜಂಭವನ್ನು ಕಾಯ್ದುಕೊಳ್ಳಲು, ಮುಖವನ್ನೂ ಕಾಣದ ಎಷ್ಟೋ ಹೆಂಗಸರ ತಲೆಯ ಮೇಲೆ ಇಲ್ಲದ ಭಾರ ಹೇರಿದ್ದಳು. ನರ್ಸ್ ಯಾರೋ ಕರೆದರೆಂದು ಆಚೆ ಹೋದಳು.

"ನೀನು ಗಟ್ಟಿಗಿತ್ತಿ ಅನ್ನಿಸ್ಕೊಳ್ಳೋಕೆ ನಾನು ಇನ್ನಷ್ಟು ರೋಗಿಷ್ಠೆ ಆಗಬೇಕಿತ್ತು ನೋಡು," ಎಂದಳು ಕೊಡೆಯಕ್ಕ. ಮಾತಿನಲ್ಲಿ ಕೊಂಕಿತ್ತು, ಕೈ ಮಾತ್ರ ಗೆಳತಿಯ ಹೊದಿಕೆಯ ಮಡಿಕೆಯನ್ನು ಸರಿಪಡಿಸುತ್ತಿತ್ತು.

ಅಲ್ಲಿಗೆ ಸುಮ್ಮನಾಗಬಹುದಿತ್ತು. ಮುಂದಿನದನ್ನು ಯಾರೂ ಕೇಳಿರಲಿಲ್ಲ, ಯಾವ ಅಧ್ಯಯನಕ್ಕೂ ಅದು ಬೇಕಿರಲಿಲ್ಲ. ಆದರೂ ಗುಂಡುಕಲ್ಲು ಛಾವಣಿಯನ್ನು ನೋಡುತ್ತ ಹೇಳಿದಳು: "ನಿನ್ನೆ ಬಸ್ಸಲ್ಲಿ, ನಿಂದು ಸ್ವಚ್ಛವಾಗಿದೆ ಅಂದ್ಯಲ್ಲ. ನನಗೆ ಹೊಟ್ಟೆ ಉರೀತು ಕಣೇ. ನಿನಗೋಸ್ಕರ ಅಂದಿದ್ದೆಲ್ಲ ಸುಳ್ಳು. ನೀನು ನನಗಿಂತ ಚೆನ್ನಾಗಿರೋದು ನನಗೆ ಬೇಡವಾಗಿತ್ತು."

ಯಂತ್ರದಲ್ಲಿ ಹಸಿರು ಗೆರೆ ಏರಿ ಇಳಿದು ಸಾಗಿತ್ತು.

"ಗೊತ್ತು," ಎಂದಳು ಕೊಡೆಯಕ್ಕ. "ಆಚೆ ತಿರುಗಿಕೊಂಡ್ಯಲ್ಲ, ಆಗಲೇ ಗೊತ್ತಾಯ್ತು. ಮನೆಗೆ ಹೋಗಿ ಅತ್ತುಬಿಟ್ಟೆ. ಈಗ ಅದನ್ನೆಲ್ಲಾ ಮಾತಾಡ್ಬೇಡ, ಉಸಿರು ಉಳಿಸ್ಕೋ."

ಕ್ಷಮಿಸಿದೆನೆಂದು ಆಕೆ ಹೇಳಲಿಲ್ಲ. ಗುಂಡುಕಲ್ಲು ಕೇಳಲೂ ಇಲ್ಲ.

ಗಾಲಿಮಂಚ ತಳ್ಳಿಕೊಂಡು ಆಸ್ಪತ್ರೆಯ ಸಿಬ್ಬಂದಿಯೊಬ್ಬ ಪರದೆ ಸರಿಸಿದ. ತಂತಿಗಳನ್ನು ಕಳಚಿ, ಸ್ಥಳಾಂತರಕ್ಕೆಂದು ಗುಂಡುಕಲ್ಲನ್ನು ಆಗಷ್ಟೇ ಎಬ್ಬಿಸಿ ಕೂರಿಸಿದ್ದರು. ಹಾಸಿಗೆಯ ಅಂಚಿನಲ್ಲಿ ಇಬ್ಬರೂ ಹೆಂಗಸರು ಪಕ್ಕಪಕ್ಕದಲ್ಲಿ ಕೂತಿದ್ದರು: ಒಬ್ಬಳು ದಷ್ಟಪುಷ್ಟ, ಇನ್ನೊಬ್ಬಳು ಬಡಕಲು, ಕೆನ್ನೆಯ ಮೇಲೆ ಕೆಂಪು ಕಲೆ, ಬೆರಳುಗಳು ಸೊಟ್ಟ. ಆತ ನೇರವಾಗಿ ಬಡಕಲು ಹೆಂಗಸಿನ ಕಡೆಗೆ ಕೈ ಚಾಚಿ, "ಬನ್ನಿ ಅಮ್ಮ, ನಿಧಾನ," ಎಂದ.

"ಅವಳಲ್ಲಪ್ಪ," ಎಂದಳು ಗುಂಡುಕಲ್ಲು. ಪಕ್ಕದ ಹಾಸಿಗೆಗಳವರೂ ತಿರುಗಿ ನೋಡುವಷ್ಟು ದನಿ ಜೋರಾಯಿತು. "ಕಾಯಿಲೆ ನನಗೆ."

ನೆರವು ಬೇಡವೆನ್ನದೆ ಆತನ ಹೆಗಲು ಹಿಡಿದು ಗಾಲಿಮಂಚ ಏರಿ, ಮಲಗಿ, ಮುಖವನ್ನು ಗೋಡೆಯತ್ತ ತಿರುಗಿಸಿಕೊಂಡಳು. ಕೊಡೆಯಕ್ಕ ಬಗ್ಗಿ, ಹಾಸಿಗೆಯ ಕೆಳಗಿದ್ದ ಗೆಳತಿಯ ಚಪ್ಪಲಿಗಳನ್ನು ಕಷ್ಟಪಟ್ಟು ಎತ್ತಿಕೊಂಡು, ಕುಂಟುತ್ತ ಹಿಂದೆ ನಡೆದಳು.